ಗಾಲೆ, ಮಿರಿಸ್ಸ ಕಡೆ ಹೊರಟಿದ್ದೀರಾ? ಇಷ್ಟು ತಿಳ್ಕೊಂಡು ಹೋಗಿ

ಶ್ರೀಲಂಕಾದ ದಕ್ಷಿಣ ಕರಾವಳಿಗೆ ಮೊದಲ ಸಲ ಹೋದಾಗ ನಾನು ಮಾಡಿದ ತಪ್ಪು ಒಂದೇ. ಉಡುಪಿ, ಕುಂದಾಪುರದ ಥರಾನೇ ಇದೆಯಲ್ಲ, ಇದಕ್ಕೇನು ತಯಾರಿ ಬೇಕು ಅಂದುಕೊಂಡೆ. ನೋಡೋಕೆ ಹಾಗೇ ಇದೆ ನಿಜ. ತೆಂಗಿನ ತೋಟ, ಹೆಂಚಿನ ಮನೆ, ಹಲಸಿನ ಮರ, ಮಧ್ಯಾಹ್ನದ ಆ ಜಿಗುಟು ಸೆಕೆ. ಆದರೆ ಹೋಗಿದ್ದು ಜೂನ್‌ನಲ್ಲಿ. ತಿಮಿಂಗಿಲ ತೋರಿಸುವ ದೋಣಿಗಳೆಲ್ಲ ದಡದಲ್ಲೇ ಇದ್ದವು, ಅಮ್ಮನಿಗೆ ಅಂತ ತಂದ ಬನ್ನಿನೊಳಗೆ ಮೀನಿತ್ತು, ಬೈಕ್ ಬಾಡಿಗೆಗೆ ಹಿಡಿದರೆ ಲೈಸೆನ್ಸ್ ನಡೆಯೋದಿಲ್ಲ ಅಂತ ಆಮೇಲೆ ಗೊತ್ತಾಯಿತು. ಎರಡನೇ ಸಲ ಬುದ್ಧಿ ಬಂದಿತ್ತು. ಹಿಕ್ಕಡುವದಿಂದ ತಂಗಾಲೆವರೆಗಿನ ಸುಮಾರು 100 ಕಿಲೋಮೀಟರ್ ತೀರಕ್ಕೆ ಹೋಗುವವರಿಗೆ ಆ ಬುದ್ಧಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಕಾಲ. ನಮ್ಮ ಕರಾವಳಿಗೆ ಬರುವ ನೈಋತ್ಯ ಮುಂಗಾರೇ ಅಲ್ಲಿಗೂ ಬರುತ್ತದೆ, ಇನ್ನೂ ಸ್ವಲ್ಪ ಮುಂಚೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಕೆರಳಿರುತ್ತದೆ, ಈಜುವ ಮಾತು ಬಿಡಿ. ಅಕ್ಟೋಬರ್, ನವೆಂಬರ್‌ನಲ್ಲೂ ಸಂಜೆ ಮಳೆ ಜೋರು. ಹಾಗಾಗಿ ದಸರಾ ರಜೆಗೆ ಹೋಗೋಣ ಅನ್ನೋದು ಅಷ್ಟು ಒಳ್ಳೆ ಯೋಚನೆ ಅಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಿ. ಕ್ರಿಸ್‌ಮಸ್ ಹೊತ್ತಿಗೆ ರೂಮಿನ ಬೆಲೆ ಒಂದಕ್ಕೆರಡಾಗುತ್ತದೆ, ಸಂಕ್ರಾಂತಿ ಮುಗಿಸಿಕೊಂಡು ಹೊರಟರೆ ಜೇಬಿಗೂ ಹಗುರ. ಮಕ್ಕಳ ಬೇಸಿಗೆ ರಜೆಗೇ ಹೋಗಬೇಕು ಅನ್ನುವವರು ಏಪ್ರಿಲ್ ಮೊದಲ ವಾರದಲ್ಲೇ ಮುಗಿಸಿಕೊಳ್ಳಿ. ಏಪ್ರಿಲ್ 13, 14ರ ಹೊತ್ತಿಗೆ ಅಲ್ಲಿ ಸಿಂಹಳ ಮತ್ತು ತಮಿಳು ಹೊಸ ವರ್ಷ. ಅಂಗಡಿ, ಸಣ್ಣ ಹೋಟೆಲ್‌ಗಳು ಕೆಲವು ದಿನ ಬಾಗಿಲು ಹಾಕುತ್ತವೆ, ಊರಿಗೆ ಹೋಗುವವರಿಂದ ಬಸ್ಸು ರೈಲು ತುಂಬಿ ತುಳುಕುತ್ತವೆ. ಮಳೆಗಾಲದಲ್ಲೇ ರಜೆ ಸಿಕ್ಕಿದೆಯಾ? ಹಾಗಾದರೆ ದಕ್ಷಿಣ ತೀರ ಬಿಟ್ಟು ಪೂರ್ವದ ಅರುಗಂ ಬೇ ಕಡೆ ಹೋಗಿ, ಆಗ ಅಲ್ಲಿ ಒಳ್ಳೆ ಬಿಸಿಲು.

ಇನ್ನೊಂದು, ಹುಣ್ಣಿಮೆ. ಪ್ರತಿ ತಿಂಗಳ ಹುಣ್ಣಿಮೆಯೂ ಅಲ್ಲಿ ಸರ್ಕಾರಿ ರಜೆ, ಪೋಯ ಅನ್ನುತ್ತಾರೆ. ಅವತ್ತು ಎಲ್ಲೂ ಮದ್ಯ ಮಾರುವ ಹಾಗಿಲ್ಲ, ಮಾಂಸದ ಅಂಗಡಿಯೂ ಮುಚ್ಚಿರುತ್ತದೆ. ನಮ್ಮ ಪಂಚಾಂಗ ನೋಡಿದರೂ ಹೆಚ್ಚುಕಮ್ಮಿ ಗೊತ್ತಾಗುತ್ತದೆ, ಒಮ್ಮೊಮ್ಮೆ ಒಂದು ದಿನ ಹಿಂದುಮುಂದಾಗಬಹುದು. ಬೀಚ್‌ನಲ್ಲಿ ಬಿಯರ್ ಹಿಡಿದು ಕೂರೋದೇ ಉದ್ದೇಶ ಆದರೆ ಆ ದಿನ ಪ್ರಯಾಣಕ್ಕೆ ಇಟ್ಟುಕೊಳ್ಳಿ. ನನಗಂತೂ ಪೋಯ ದಿನ ಬಿಳಿ ಬಟ್ಟೆ ಉಟ್ಟು ಹೂವಿನ ತಟ್ಟೆ ಹಿಡಿದು ಸಾಲಾಗಿ ಬೌದ್ಧ ವಿಹಾರಕ್ಕೆ ಹೋಗುವ ಜನರನ್ನು ನೋಡೋದು ಬೀಚ್‌ಗಿಂತ ಜಾಸ್ತಿ ಇಷ್ಟ ಆಯಿತು.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇದೆ, ಒಂದೂವರೆ ಗಂಟೆ ಅಷ್ಟೇ. ನಮ್ಮ ಕಡೆ ಏರ್‌ಪೋರ್ಟ್ ತಲುಪೋಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು! ಹೋಗುವ ಮುಂಚೆ ಇಟಿಎ ಅಂತ ಒಂದು ಅನುಮತಿ ಪತ್ರವನ್ನು ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬೇಕು. ಇದರ ಶುಲ್ಕ, ನಿಯಮ ಈಚಿನ ವರ್ಷಗಳಲ್ಲಿ ಪದೇ ಪದೇ ಬದಲಾಗಿವೆ, ಆದ್ದರಿಂದ ಯಾರೋ ಸ್ನೇಹಿತರು ಹೇಳಿದ್ದನ್ನು ನಂಬದೆ ಸರ್ಕಾರಿ ತಾಣವನ್ನೇ ನೋಡಿ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಎಲ್‌ಕೆ’ ಅಂತ ಇರಬೇಕು. ಹುಡುಕಿದಾಗ ಮೇಲೆ ಬರುವ ತಾಣಗಳಲ್ಲಿ ಎಷ್ಟೋ ದಲ್ಲಾಳಿಗಳದ್ದು, ಸುಮ್ನೆ ಜಾಸ್ತಿ ದುಡ್ಡು ಕೀಳುತ್ತಾರೆ.

ವಿಮಾನ ಇಳಿಯೋದು ಕೊಲಂಬೊದಲ್ಲಲ್ಲ, ಅದರ ಉತ್ತರಕ್ಕೆ ಕಟುನಾಯಕದಲ್ಲಿ. ಅಲ್ಲಿಂದ ಗಾಲೆಗೆ ಎರಡು ದಾರಿ. ಕಾರು ಮಾಡಿದರೆ ಎಕ್ಸ್‌ಪ್ರೆಸ್‌ವೇ ಹಿಡಿದು ಎರಡೂವರೆ ಗಂಟೆಯಲ್ಲಿ ಹೋಗಬಹುದು, ಕೊಲಂಬೊ ಊರೊಳಗೆ ನುಗ್ಗಬೇಕಾಗಿಲ್ಲ. ಅಪ್ಪ ಅಮ್ಮ, ಚಿಕ್ಕ ಮಕ್ಕಳು, ನಾಲ್ಕು ಸೂಟ್‌ಕೇಸ್ ಇದ್ದರೆ ಇದೇ ಸರಿ. ಇಲ್ಲದಿದ್ದರೆ ದಯವಿಟ್ಟು ರೈಲಿನಲ್ಲಿ ಹೋಗಿ. ಏರ್‌ಪೋರ್ಟಿನಿಂದ 187 ನಂಬರಿನ ಬಸ್ಸು ಕೊಲಂಬೊ ಫೋರ್ಟ್‌ಗೆ ಹೋಗುತ್ತದೆ, ಅಲ್ಲೇ ರೈಲು ನಿಲ್ದಾಣ. ಗಾಲೆಗೆ ಸುಮಾರು ಎರಡೂವರೆ ಮೂರು ಗಂಟೆ, ಟಿಕೆಟ್ ಕೆಲವೇ ನೂರು ಶ್ರೀಲಂಕಾ ರೂಪಾಯಿ. ಹತ್ತಿದ ಕೂಡಲೇ ಬಲಗಡೆ ಕಿಟಕಿ ಹಿಡಿಯಿರಿ. ದಾರಿಯುದ್ದಕ್ಕೂ ಎಷ್ಟೋ ಕಡೆ ಹಳಿಗೂ ಸಮುದ್ರಕ್ಕೂ ನಡುವೆ ಒಂದು ಸಾಲು ಬಂಡೆ ಬಿಟ್ಟರೆ ಬೇರೇನೂ ಇಲ್ಲ, ಅಲೆ ಜೋರಾಗಿದ್ದರೆ ಮುಖಕ್ಕೆ ಉಪ್ಪು ನೀರಿನ ಹನಿ ಬೀಳುತ್ತದೆ. ಸಂಜೆ ನಾಲ್ಕರ ಮೇಲೆ ಮಾತ್ರ ಆಫೀಸಿನವರ ರಶ್, ನಿಂತುಕೊಂಡೇ ಹೋಗಬೇಕಾಗುತ್ತದೆ. ರೀಲ್ಸ್‌ಗಾಗಿ ಬಾಗಿಲಲ್ಲಿ ಜೋತು ಬೀಳಬೇಡಿ, ಕಂಬ, ಸೇತುವೆ ಎಲ್ಲ ಹಳಿಗೆ ತೀರ ಹತ್ತಿರ ಇವೆ.

ಈ ಹಳಿಯ ಮೇಲೇ ಹಿಕ್ಕಡುವ ಹತ್ತಿರದ ಪೆರಲಿಯದಲ್ಲಿ 2004ರ ಡಿಸೆಂಬರ್ 26ರಂದು ಸುನಾಮಿ ಒಂದು ಇಡೀ ರೈಲನ್ನು ಎತ್ತಿ ಎಸೆಯಿತು. 1,700ಕ್ಕೂ ಹೆಚ್ಚು ಜನ ಸತ್ತರು ಎಂಬ ಲೆಕ್ಕವಿದೆ. ಜಗತ್ತಿನ ಅತಿ ದೊಡ್ಡ ರೈಲು ದುರಂತ ಅದು. ರಸ್ತೆಯಲ್ಲಿ ಹೋದರೆ ಪಕ್ಕದಲ್ಲೇ ಎತ್ತರದ ಬುದ್ಧನ ಸ್ಮಾರಕ ಕಾಣುತ್ತದೆ, ಐದು ನಿಮಿಷ ಇಳಿದು ಹೋಗಿ. ಈ ತೀರದಲ್ಲಿ ಸುನಾಮಿ ಬಂದರೆ ಯಾವ ಕಡೆ ಓಡಬೇಕು ಅಂತ ತೋರಿಸುವ ಫಲಕಗಳಿವೆ. ರೂಮು ಸಿಕ್ಕ ದಿನವೇ ಎತ್ತರದ ಜಾಗ ಯಾವ ಕಡೆ ಅಂತ ಒಮ್ಮೆ ನೋಡಿಟ್ಟುಕೊಳ್ಳಿ.

ದುಡ್ಡಿನ ವಿಷಯ. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಸುಮಾರು ಮೂರೂವರೆ ರೂಪಾಯಿ. ಅವರದ್ದೂ ರೂಪಾಯಿಯೇ ಆದ್ದರಿಂದ ಮೊದಲೆರಡು ದಿನ ತಲೆ ಕೆಡುತ್ತದೆ, ಎಳನೀರಿಗೆ ಇನ್ನೂರು ಅಂದಾಗ ಎದೆ ಧಸಕ್ ಅನ್ನುತ್ತದೆ, ಆಮೇಲೆ ಭಾಗಿಸಿ ನೋಡಿದರೆ ಊರಲ್ಲಿ ಕೊಡುವಷ್ಟೇ. 2024ರ ಫೆಬ್ರುವರಿಯಲ್ಲಿ ಅಲ್ಲಿ ಯುಪಿಐ ಶುರುವಾಗಿದೆ. ಆದರೆ ಅದನ್ನೇ ನಂಬಿಕೊಂಡು ಹೋಗಬೇಡಿ, ಆಟೋದವರು, ಬೀಚ್ ಅಂಗಡಿಯವರು ನೋಟೇ ಕೇಳುತ್ತಾರೆ. ಏರ್‌ಪೋರ್ಟಿನ ಬ್ಯಾಂಕ್ ಕೌಂಟರಿನಲ್ಲೇ ಹಣ ಬದಲಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೇ ಸಿಮ್ಮೂ ಸಿಗುತ್ತದೆ. ಪ್ಲಗ್ಗಿನ ವಿಚಾರವನ್ನು ಯಾರೂ ಹೇಳೋದಿಲ್ಲ. ಹಳೇ ಕಟ್ಟಡಗಳಲ್ಲಿ ನಮ್ಮ ಗುಂಡು ಪಿನ್ ಹಿಡಿಯುತ್ತದೆ, ಹೊಸ ಕಟ್ಟಡಗಳಲ್ಲಿ ಇಂಗ್ಲೆಂಡಿನ ಥರ ಚೌಕ ಮೂರು ಪಿನ್. ಒಂದು ಅಡಾಪ್ಟರ್ ಇಟ್ಟುಕೊಂಡರೆ ರಾತ್ರಿ ಫೋನ್ ಚಾರ್ಜಿಗೆ ಒದ್ದಾಡಬೇಕಿಲ್ಲ.

ಎಲ್ಲಿ ಉಳಿಯೋದು? ದಿನಕ್ಕೊಂದು ಊರು ಬದಲಿಸಬೇಡಿ. ಗಾಲೆಯಿಂದ ಉನವಟುನ 5 ಕಿಲೋಮೀಟರ್, ಮಿರಿಸ್ಸ 35ರ ಆಸುಪಾಸು, ಎಲ್ಲ ಒಂದೇ ರಸ್ತೆಯಲ್ಲಿ. ಒಂದು ಕಡೆ ಬ್ಯಾಗ್ ಇಟ್ಟು ಓಡಾಡಬಹುದು. ವಯಸ್ಸಾದವರು ಜೊತೆಗಿದ್ದರೆ ಗಾಲೆ ಕೋಟೆಯೊಳಗೋ ಉನವಟುನದಲ್ಲೋ ಉಳಿಯಿರಿ. ಸರ್ಫಿಂಗ್ ಕಲಿಯಬೇಕು ಅಂದರೆ ವೆಲಿಗಮ. ಕೆಳಗೆ ಮರಳು, ಅಲೆ ಮೆತ್ತಗೆ, ಬಿದ್ದರೂ ಪೆಟ್ಟಾಗೋದಿಲ್ಲ, ಮೂಲ್ಕಿಯಲ್ಲಿ ಒಂದೆರಡು ದಿನ ಹಲಗೆ ಹತ್ತಿದವರಿಗಂತೂ ಖುಷಿಯಾಗುತ್ತದೆ. ಮಿರಿಸ್ಸ ಚೆಂದ, ಆದರೆ ಸೀಸನ್ನಿನಲ್ಲಿ ಬೀಚ್ ತುಂಬ ಕುರ್ಚಿ, ರಾತ್ರಿಯೆಲ್ಲ ಡಬ್ ಡಬ್ ಹಾಡು. ಗಲಾಟೆ ಬೇಡ ಅನ್ನುವವರು ಇನ್ನೂ ಪೂರ್ವಕ್ಕೆ ತಂಗಾಲೆ ಕಡೆ ಹೋಗಿ.

ಗಾಲೆ ಕೋಟೆಗೆ ಟಿಕೆಟ್ ಇಲ್ಲ, ಒಳಗೆ ಜನ ಮನೆ ಮಾಡಿಕೊಂಡು ಬದುಕುತ್ತಿದ್ದಾರೆ. ಪೋರ್ಚುಗೀಸರು ಶುರು ಮಾಡಿದ್ದನ್ನು ಡಚ್ಚರು 1640ರಲ್ಲಿ ಗೆದ್ದು ಕಲ್ಲಿನ ಗೋಡೆ ಕಟ್ಟಿ ಗಟ್ಟಿ ಮಾಡಿದರು. 1988ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಮಧ್ಯಾಹ್ನ ಹೋಗಿ ಬೆಂದು ಹೋಗಬೇಡಿ, ಸಂಜೆ ನಾಲ್ಕೂವರೆಗೆ ಗೋಡೆ ಹತ್ತಿ ಒಂದು ಸುತ್ತು ಹಾಕಿ, ದೀಪಸ್ತಂಭದ ಹತ್ತಿರ ಶುರು ಮಾಡಿದರೆ ಗಡಿಯಾರ ಗೋಪುರದ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಅಲ್ಲಿಂದ ಕೆಳಗೆ ಕಾಣೋದು ಕ್ರಿಕೆಟ್ ಮೈದಾನ. 2010ರ ಜುಲೈನಲ್ಲಿ ಮುರಳೀಧರನ್ 800ನೇ ವಿಕೆಟ್ ತೆಗೆದದ್ದು ಇಲ್ಲೇ, ಅದೂ ನಮ್ಮ ಪ್ರಜ್ಞಾನ್ ಓಝಾನನ್ನು ಔಟ್ ಮಾಡಿ. ಟೆಸ್ಟ್ ಇದ್ದ ದಿನ ಕೋಟೆ ಗೋಡೆಯ ಮೇಲೆ ನಿಂತು ನೋಡುವವರೇ ಒಂದು ಜಾತ್ರೆ.

ಕೋಟೆಯೊಳಗೆ ಹರಳಿನ ಅಂಗಡಿ ಜಾಸ್ತಿ. ಆಟೋದವರು ‘ಇವತ್ತೇ ಕೊನೆ ದಿನ, ಸರ್ಕಾರಿ ಸೇಲ್’ ಅಂತ ಹೇಳಿ ಒಂದು ಅಂಗಡಿಗೆ ಕರೆದುಕೊಂಡು ಹೋದರೆ ಅದು ಕಮಿಷನ್ ಕಥೆ. ನೀಲದ ಬಗ್ಗೆ ಗೊತ್ತಿಲ್ಲದಿದ್ದರೆ ನೀಲ ಕೊಳ್ಳಬೇಡಿ.

ಆಟೋಗೆ ಅಲ್ಲಿ ಟುಕ್ ಟುಕ್ ಅನ್ನುತ್ತಾರೆ. ಪಿಕ್‌ಮಿ ಅನ್ನುವ ಆ್ಯಪ್ ಹಾಕಿಕೊಳ್ಳಿ, ಊರೊಳಗೆ ಚೆನ್ನಾಗಿ ಸಿಗುತ್ತದೆ. ಬೀಚ್ ಊರುಗಳಲ್ಲಿ ಸ್ಟ್ಯಾಂಡಿನವರು ಆ್ಯಪ್ ಗಾಡಿಯನ್ನು ಒಳಗೆ ಬಿಡದೆ ಇರಬಹುದು, ಆಗ ಆ್ಯಪ್‌ನಲ್ಲಿ ಎಷ್ಟು ತೋರಿಸುತ್ತದೆ ನೋಡಿಕೊಂಡು ಅದರ ಮೇಲೆ ಸ್ವಲ್ಪ ಸೇರಿಸಿ ಮಾತಾಡಿ, ಹತ್ತುವ ಮುಂಚೆಯೇ. ಕರಾವಳಿ ರಸ್ತೆಯಲ್ಲಿ ಐದು ಹತ್ತು ನಿಮಿಷಕ್ಕೊಂದು ಬಸ್ಸು, ಕಂಡಕ್ಟರ್ ‘ಗಾಲ್ಲ ಗಾಲ್ಲ ಗಾಲ್ಲ’ ಅಂತ ಕೂಗುತ್ತಿರುತ್ತಾನೆ, ಅದೇ ನಮ್ಮ ಗಾಲೆ. ಖಾಸಗಿ ಬಸ್ಸಿನವರ ಓಟ ನೋಡಿದರೆ ನಮ್ಮ ಮಂಗಳೂರಿನ ಬಸ್ಸುಗಳು ನಿಧಾನ ಅನ್ನಿಸುತ್ತದೆ.

ಅದಕ್ಕೇ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ಎಡಗಡೆ ಓಡಿಸೋದು ನಮ್ಮ ಹಾಗೇ, ಆದರೆ ನಮ್ಮ ಲೈಸೆನ್ಸ್ ಒಂದೇ ಸಾಲದು. ಅಂತಾರಾಷ್ಟ್ರೀಯ ಪರ್ಮಿಟ್ ಇದ್ದರೂ ಅದಕ್ಕೆ ಅಲ್ಲಿಯ ಒಪ್ಪಿಗೆ ಮುದ್ರೆ ಬೇಕು. ಬಾಡಿಗೆ ಕೊಡುವವರು ‘ಏನೂ ಆಗಲ್ಲ ಸಾರ್’ ಅಂತಾರೆ, ನನಗೂ ಹಾಗೇ ಅಂದರು. ಏನಾದರೂ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ.

ಈಗ ಊಟ. ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಮ್ಮವರು ಎಡವುವುದು ಇಲ್ಲೇ. ‘ಹೋಟೆಲ್’ ಅಂತ ಬೋರ್ಡ್ ಇದ್ದರೆ ಅದು ಊಟದ ಜಾಗ, ನಮ್ಮ ಹಾಗೇ. ಬೆಳಿಗ್ಗೆ ಇಂದಿ ಆಪ್ಪ ಸಿಗುತ್ತದೆ, ಅದು ನಮ್ಮ ಒತ್ತು ಶ್ಯಾವಿಗೆಯ ತಮ್ಮ. ಆಪ್ಪ ಅಂದರೆ ಬಟ್ಟಲಿನ ಆಕಾರದ, ಅಂಚು ಗರಿಗರಿಯಾದ ಅಪ್ಪಂ. ಪರಿಪ್ಪು ಅಂದರೆ ತೆಂಗಿನ ಹಾಲು ಹಾಕಿದ ಬೇಳೆ. ಎಳೆ ಹಲಸಿನ ಪಲ್ಯಕ್ಕೆ ಪೊಲೊಸ್ ಅನ್ನುತ್ತಾರೆ, ದಕ್ಷಿಣ ಕನ್ನಡದವರಿಗೆ ಗುಜ್ಜೆ ಅಂದರೆ ಸಾಕು. ಗೊಟು ಕೊಲ ಅಂದರೆ ಒಂದೆಲಗ, ಕಾಯಿತುರಿ, ಈರುಳ್ಳಿ, ನಿಂಬೆ ಹಾಕಿ ಹಸಿಯಾಗಿ ಕಲಸುತ್ತಾರೆ. ಕಿತ್ತಳೆ ಬಣ್ಣದ ತಂಬಿಲಿ ಎಳನೀರು ನಮ್ಮ ಗೆಂದಾಳಿಯನ್ನೇ ನೆನಪಿಸುತ್ತದೆ. ಇಷ್ಟೆಲ್ಲ ನೋಡಿ ಸಸ್ಯಾಹಾರಿಗಳು ಆರಾಮವಾಗಿ ಕೂತುಬಿಡುತ್ತಾರೆ. ಅಲ್ಲೇ ಇರೋದು ಮೋಸ.

ಉಂಬಲಕಡ ಅಂತ ಒಂದಿದೆ. ಒಣಗಿಸಿ ಹೊಗೆ ಹಾಕಿದ ಮೀನಿನ ಪುಡಿ, ಮಾಲ್ಡೀವ್ಸ್ ಕಡೆಯದು. ಕಾಯಿ ಚಟ್ನಿಯಂಥ ಪೊಲ್ ಸಂಬೋಲಕ್ಕೆ, ಸೊಪ್ಪಿಗೆ, ಕೆಲವು ತರಕಾರಿ ಪಲ್ಯಕ್ಕೂ ಅದನ್ನು ಒಂದು ಚಿಟಿಕೆ ಹಾಕುತ್ತಾರೆ. ಅವರ ಪ್ರಕಾರ ಅದು ಮಸಾಲೆ, ಮೀನಲ್ಲ. ‘ವೆಜ್ಜಾ?’ ಅಂತ ಕೇಳಿದರೆ ಹೌದು ಅನ್ನುತ್ತಾರೆ, ಅವರು ಸುಳ್ಳು ಹೇಳುತ್ತಿಲ್ಲ. ಆದ್ದರಿಂದ ನಾಲ್ಕು ಮಾತು ಕಲಿತುಕೊಳ್ಳಿ: ಮಸ್ ಎಪಾ, ಮಾಳು ಎಪಾ, ಬಿತ್ತರ ಎಪಾ, ಉಂಬಲಕಡ ಎಪಾ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಆ ಪುಡಿಯೂ ಬೇಡ. ರೊಟ್ಟಿಯನ್ನು ಕೊಚ್ಚಿ ಕಾವಲಿಯ ಮೇಲೆ ಹುರಿಯುವ ಕೊತ್ತು ರೊಟ್ಟಿಯಲ್ಲಿ ಮೊಟ್ಟೆ ಕೇಳದೆಯೇ ಬೀಳುತ್ತದೆ, ಮೊದಲೇ ಹೇಳಿ. ಬೇಕರಿಯಲ್ಲಿ ಮೂರು ಮೂಲೆಯ ಬನ್ ಕಂಡರೆ ಅದು ಸಾಮಾನ್ಯವಾಗಿ ಮಾಳು ಪಾನ್, ಮೀನಿನದ್ದು. ನಮ್ಮಮ್ಮ ಅರ್ಧ ತಿಂದ ಮೇಲೆ ‘ಏನೋ ವಾಸನೆ ಕಣೋ’ ಅಂದರು. ಆಮೇಲೆ ಆ ಪ್ರವಾಸ ಪೂರ್ತಿ ಬಾಳೆಹಣ್ಣು, ಮೊಸರು ಅಷ್ಟೇ. ಮೊಸರು ಅಂದಾಗ ನೆನಪಾಯಿತು, ಎಮ್ಮೆ ಮೊಸರನ್ನು ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿ ರಸ್ತೆ ಬದಿಯಲ್ಲಿ ಮಾರುತ್ತಾರೆ, ಅದರ ಮೇಲೆ ಕಿತುಲ್ ಪಾಕ ಸುರಿದುಕೊಂಡು ತಿನ್ನಬೇಕು. ಕಿತುಲ್ ಅಂದರೆ ಮಲೆನಾಡಿನ ಬೈನೆ ಮರ. ಇದಕ್ಕಾಗಿಯೇ ಇನ್ನೊಂದು ಸಲ ಹೋಗಬಹುದು.

ಬೇಕರಿಯಲ್ಲಿ ಕೂತ ಕೂಡಲೇ ಒಂದು ತಟ್ಟೆ ತುಂಬ ತಿಂಡಿ ತಂದು ಇಟ್ಟರೆ ಹೆದರಬೇಡಿ. ತಿಂದಷ್ಟಕ್ಕೆ ಮಾತ್ರ ಲೆಕ್ಕ.

ಭಾಷೆ ಸಿಂಹಳ, ಇಂಗ್ಲಿಷ್‌ನಲ್ಲಿ ಕೆಲಸ ನಡೆಯುತ್ತದೆ. ತಮಿಳು ಎಲ್ಲರಿಗೂ ಬರುತ್ತದೆ ಅಂದುಕೊಳ್ಳಬೇಡಿ. ಆದರೆ ಅಕ್ಕ ಅಂದರೆ ಅಕ್ಕನೇ, ಅಮ್ಮ ಅಂದರೆ ಅಮ್ಮನೇ, ತಂಗಿಗೆ ನಂಗಿ, ತಮ್ಮನಿಗೆ ಮಲ್ಲಿ. ಅಯ್ಯ ಅಂದರೆ ಮಾತ್ರ ಅಣ್ಣ. ಆಟೋದವರನ್ನು ‘ಅಯ್ಯೇ’ ಅಂತ ಕರೆದು ನೋಡಿ, ರೇಟಲ್ಲಿ ಇಳಿಯದಿದ್ದರೂ ಮುಖದಲ್ಲಿ ನಗು ಬರುತ್ತದೆ. ಇಸ್ತೂತಿ ಅಂದರೆ ಥ್ಯಾಂಕ್ಸ್.

ತಿಮಿಂಗಿಲ ನೋಡೋದಕ್ಕೆ ಮಿರಿಸ್ಸದಿಂದ ನವೆಂಬರ್‌ನಿಂದ ಏಪ್ರಿಲ್‌ವರೆಗೆ ದೋಣಿ ಬಿಡುತ್ತಾರೆ. ಇಲ್ಲಿ ದಡದಿಂದ ಸ್ವಲ್ಪ ದೂರ ಹೋದರೆ ಸಾಕು, ಸಮುದ್ರ ಏಕದಂ ಆಳವಾಗುತ್ತದೆ. ಅದಕ್ಕೇ ನೀಲಿ ತಿಮಿಂಗಿಲ ಇಷ್ಟು ಹತ್ತಿರ ಬರೋದು. ಬೆಳಿಗ್ಗೆ ಆರೂವರೆಗೆ ಹೊರಡುತ್ತಾರೆ, ನಾಲ್ಕೈದು ಗಂಟೆ ಸಮುದ್ರದಲ್ಲೇ. ವಾಂತಿ ಬರುವವರು ಹೊರಡುವ ಅರ್ಧ ಗಂಟೆ ಮುಂಚೆಯೇ ಮಾತ್ರೆ ನುಂಗಿ, ಹೊಟ್ಟೆಗೆ ಒಣ ಬಿಸ್ಕತ್ತು ಹಾಕಿ. ದೋಣಿ ಏರಿದ ಮೇಲೆ ನುಂಗಿದರೆ ಮಾತ್ರೆಯೂ ಸಮುದ್ರ ಪಾಲು. ಅತಿ ಅಗ್ಗದ ದೋಣಿ ಹಿಡಿಯಬೇಡಿ. ಕೆಲವರು ಪ್ರಾಣಿಯನ್ನು ನಾಲ್ಕೂ ಕಡೆಯಿಂದ ಅಟ್ಟಿಸಿಕೊಂಡು ಹೋಗುತ್ತಾರೆ, ಪಾಪ ಅದು ಉಸಿರು ಎಳೆದು ಮುಳುಗಿಬಿಡುತ್ತದೆ, ನಿಮಗೂ ಬಾಲ ಬಿಟ್ಟು ಏನೂ ಕಾಣೋದಿಲ್ಲ. ದೂರ ನಿಲ್ಲಿಸಿ ಇಂಜಿನ್ ನಿಧಾನ ಮಾಡುತ್ತೀರಾ ಅಂತ ಬುಕ್ ಮಾಡುವಾಗಲೇ ಕೇಳಿ. ಹಿಕ್ಕಡುವದಲ್ಲಿ ಆಮೆಗಳು ದಡಕ್ಕೇ ಬರುತ್ತವೆ, ಅವನ್ನು ಮುಟ್ಟಬೇಡಿ, ಸೊಪ್ಪು ತಿನ್ನಿಸಿ ಫೋಟೊ ತೆಗೆಸಿಕೊಳ್ಳಬೇಡಿ.

ಕೊಗ್ಗಲದಲ್ಲಿ ನೀರಿನೊಳಗೆ ಕಂಬ ನೆಟ್ಟು ಅದರ ಮೇಲೆ ಕೂತು ಗಾಳ ಹಾಕುವವರ ಫೋಟೊ ನೋಡಿರುತ್ತೀರಿ. ಈಗ ಅಲ್ಲಿ ಹೆಚ್ಚಿನವರು ಮೀನಿಗಲ್ಲ, ಕ್ಯಾಮೆರಾಗೆ ಕೂರೋದು. ಫೋಟೊ ತೆಗೆದರೆ ದುಡ್ಡು ಕೇಳುತ್ತಾರೆ, ಮೊದಲೇ ಮಾತಾಡಿಕೊಳ್ಳಿ. ಬಿಟ್ಟರೂ ನಷ್ಟ ಇಲ್ಲ. ಉನವಟುನದ ಪಕ್ಕದ ರುಮಸ್ಸಲ ಗುಡ್ಡವನ್ನು ಮಾತ್ರ ಬಿಡಬೇಡಿ. ಹನುಮಂತ ಸಂಜೀವಿನಿ ಬೆಟ್ಟ ಹೊತ್ತು ತರುವಾಗ ಒಂದು ಚೂರು ಬಿದ್ದದ್ದು ಇಲ್ಲಿ ಅಂತ ಅಲ್ಲಿಯವರ ನಂಬಿಕೆ.

ಈಜುವವರಿಗೆ ಒಂದೇ ಮಾತು. ಕೆಂಪು ಬಾವುಟ ಇದ್ದರೆ ಇಳಿಯಬೇಡಿ, ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ ಕಂಡರೆ ಅಲ್ಲಂತೂ ಇಳಿಯಲೇಬೇಡಿ, ನೀರು ಒಳಕ್ಕೆ ಎಳೆಯುವ ಜಾಗ ಹಾಗೇ ಕಾಣುತ್ತದೆ. ಸಿಕ್ಕಿಹಾಕಿಕೊಂಡರೆ ದಡದ ಕಡೆ ಗುದ್ದಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಎಳೆತ ನಿಂತ ಮೇಲೆ ದಡಕ್ಕೆ ತಿರುಗಿ. ಆಂಬುಲೆನ್ಸಿಗೆ 1990, ಪೊಲೀಸಿಗೆ 119. ಆ 1990 ಸೇವೆ 2016ರಲ್ಲಿ ಭಾರತದ ನೆರವಿನಿಂದ ಶುರುವಾದದ್ದು, ನಮ್ಮ 108ರ ಥರ ಉಚಿತ. ಸಂಜೆ ಸೊಳ್ಳೆಗೆ ಎಣ್ಣೆ ಹಚ್ಚಿಕೊಳ್ಳಿ, ಡೆಂಗಿ ಇದೆ.

ವಿಹಾರಕ್ಕೆ ಹೋಗುವಾಗ ಹೆಗಲು, ಮಂಡಿ ಮುಚ್ಚಿರಲಿ. ಬುದ್ಧನಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳೋದು ಅಲ್ಲಿ ದೊಡ್ಡ ತಪ್ಪು. ಬುದ್ಧನ ಚಿತ್ರದ ಟೀಶರ್ಟು, ಹಚ್ಚೆ ಕೂಡ ಬೇಡ. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದ ಬ್ರಿಟಿಷ್ ಪ್ರವಾಸಿಯೊಬ್ಬರನ್ನು ಏರ್‌ಪೋರ್ಟಿನಲ್ಲೇ ಹಿಡಿದು ವಾಪಸ್ ಕಳಿಸಿದ್ದರು. ಪಾಸ್‌ಪೋರ್ಟ್ ಜೊತೆಗಿರಲಿ. ಕೆಲವು ಕಡೆ ಸಾರ್ಕ್ ದೇಶದವರಿಗೆ, ಅಂದರೆ ನಮ್ಮಂಥ ದಕ್ಷಿಣ ಏಷ್ಯಾದವರಿಗೆ, ಟಿಕೆಟ್ ಕಡಿಮೆ, ಅವರಾಗಿ ಹೇಳೋದಿಲ್ಲ, ನೀವೇ ಕೇಳಬೇಕು.

ವಾಪಸ್ ಬರುವಾಗ ಹವಳ, ಕಡಲ ಚಿಪ್ಪು ಬ್ಯಾಗಿಗೆ ಹಾಕಬೇಡಿ, ಏರ್‌ಪೋರ್ಟಿನಲ್ಲಿ ತೊಂದರೆ. ದಾಲ್ಚಿನ್ನಿ ತನ್ನಿ. ನಮ್ಮ ಅಂಗಡಿಗಳಲ್ಲಿ ಸಿಗುವ ದಪ್ಪ ಚಕ್ಕೆ ಬಹುಪಾಲು ಬೇರೆ ಜಾತಿಯದು, ಅಲ್ಲಿಯದು ಸಿಗಾರಿನ ಹಾಗೆ ಪದರ ಪದರ ಸುತ್ತಿಕೊಂಡಿರುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಕಿತುಲ್ ಪಾಕವನ್ನೂ ತನ್ನಿ, ಆದರೆ ಕೈಚೀಲದಲ್ಲಿ ಬಿಡೋದಿಲ್ಲ, ದೊಡ್ಡ ಬ್ಯಾಗಿಗೇ ಹಾಕಬೇಕು. ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರಿನೊಳಗೆ ಗಂಟು ಹಾಕಿ, ಹಳೇ ಟವೆಲ್ಲಿನಲ್ಲಿ ಸುತ್ತಿ ಇಡಿ. ನಾನು ಟೇಪ್ ಸುತ್ತಿರಲಿಲ್ಲ. ಮನೆಗೆ ಬಂದು ಮೂರು ಸಲ ಒಗೆದರೂ ಆ ಶರ್ಟಿಗೆ ಇರುವೆ ಬರುತ್ತಿದ್ದವು.